ಕುವೈತಿನಿಂದ ಬೊಂಬಾಯಿಗೆ ಒಂದೆಳೆ ದಾರ

ಜಾತಕ ಬರೆಯುವವನಿಗೆ ಬೇಕಾದದ್ದು ಮೂರೇ ಸಂಗತಿ: ಹುಟ್ಟಿದ ದಿನ, ಹುಟ್ಟಿದ ಹೊತ್ತು, ಹುಟ್ಟಿದ ಊರು. ದಿನವನ್ನು ಯಾರೂ ಮರೆಯುವುದಿಲ್ಲ. ಹೊತ್ತಿನ ವಿಷಯದಲ್ಲಿ ಜನ ಸ್ವಲ್ಪ ಧಾರಾಳಿಗಳು. ‘ಹಾಲು ಕರೆಯೋ ಹೊತ್ತು’, ‘ಮೊದಲ ಬಸ್ಸು ಹೋದ ಮೇಲೆ’ ಎಂದೆಲ್ಲ ಹೇಳುತ್ತಾರೆ. ನಾನು ಕೆದಕಿ ಕೆದಕಿ ಅದನ್ನು ಗಡಿಯಾರದ ಲೆಕ್ಕಕ್ಕೆ ತರುತ್ತೇನೆ. ಊರಿನ ಬಗ್ಗೆ ಮಾತ್ರ ಯಾವತ್ತೂ ತಕರಾರು ಬಂದಿರಲಿಲ್ಲ. ಹೊನ್ನಾಳಿ, ನ್ಯಾಮತಿ, ಚನ್ನಗಿರಿ, ದೂರವೆಂದರೆ ಶಿವಮೊಗ್ಗದ ಆಸ್ಪತ್ರೆ. ಹಾಗಾಗಿ ಎಂಬತ್ತರ ದಶಕದ ಆರಂಭದಲ್ಲಿ, ಒಂದು ಭಾನುವಾರ ಬೆಳಿಗ್ಗೆ, ನ್ಯಾಮತಿಯ ಹಿರಿಯರೊಬ್ಬರು ನಮ್ಮ ಹೊನ್ನಾಳಿ ಮನೆಯ ಪಡಸಾಲೆಯಲ್ಲಿ ಕೂತು ಮೊಮ್ಮಗಳ ಜಾತಕ ಆಗಬೇಕು ಎಂದಾಗ, ನಾನು ಎಂದಿನಂತೆ ಊರು ಯಾವುದೆಂದು ಕೇಳಿದೆ.

“ಊರು ಇಲ್ಲ ಮೇಷ್ಟ್ರೆ,” ಎಂದರು ಅವರು. “ಮೇಲೆ ಹುಟ್ಟೈತೆ.”

“ಮೇಲೆ ಅಂದ್ರೆ?”

ಅವರು ಟವೆಲಿನಿಂದ ಮುಖ ಒರೆಸಿಕೊಂಡು ಜಂತೆಯ ಕಡೆಗೆ ಬೆರಳು ತೋರಿಸಿದರು. “ವಿಮಾನದಾಗೆ. ನನ್ನ ಮಗಳು ಕುವೈತಿನಿಂದ ಬೊಂಬಾಯಿಗೆ ಬರ್ತಿದ್ಲು. ನಡುದಾರಿಯಾಗೆ ಹೆರಿಗೆ ಆತು.”

ನಾನು ಹೈಸ್ಕೂಲಿನಲ್ಲಿ ಭೂಗೋಳ ಹೇಳಿಕೊಡುತ್ತಿದ್ದವನು. ಜಾತಕದ ಕೆಲಸ ತಂದೆಯಿಂದ ಬಂದದ್ದು, ರಜೆಯ ದಿನ ಮಾಡುತ್ತಿದ್ದೆ. ಶಾಲೆಯಲ್ಲಿ ಭೂಮಿ ಸೂರ್ಯನನ್ನು ಸುತ್ತುತ್ತದೆ, ಮೇಷ್ಟ್ರ ಮನೆಯಲ್ಲಿ ಸೂರ್ಯನೇ ಭೂಮಿಯನ್ನು ಸುತ್ತುತ್ತಾನೆ ಎಂದು ಸಹೋದ್ಯೋಗಿಗಳು ನನ್ನ ಕಾಲೆಳೆಯುತ್ತಿದ್ದರು. ನಾನೂ ನಕ್ಕು ಸುಮ್ಮನಾಗುತ್ತಿದ್ದೆ. ಈ ಎರಡು ಕೆಲಸ ಒಂದನ್ನೊಂದು ಮಾತಾಡಿಸುವ ದಿನ ಬರುತ್ತದೆಂದು ಮಾತ್ರ ನನಗೆ ಗೊತ್ತಿರಲಿಲ್ಲ.

ನಡೆದದ್ದು ಇಷ್ಟು. ಹಿರಿಯರ ಅಳಿಯ ಚನ್ನಗಿರಿಯವನು, ಕುವೈತಿನ ಎಣ್ಣೆ ಕಂಪನಿಯೊಂದರಲ್ಲಿ ಮೆಕ್ಯಾನಿಕ್. ಮದುವೆಯ ನಂತರ ಹೆಂಡತಿಯನ್ನೂ ಅಲ್ಲಿಗೆ ಕರೆಸಿಕೊಂಡಿದ್ದ. ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕೆಂಬ ರೂಢಿಯಂತೆ, ಎಂಟು ತಿಂಗಳು ತುಂಬುವ ಮೊದಲೇ ಆಕೆಯನ್ನು ವಿಮಾನ ಹತ್ತಿಸಿದ್ದ. ಮಗು ತವರಿನ ತನಕ ಕಾಯಲಿಲ್ಲ. ಪಕ್ಕದ ಸೀಟಿನಲ್ಲಿ ರಜೆಗೆಂದು ಊರಿಗೆ ಹೊರಟಿದ್ದ ಕೇರಳದ ನರ್ಸಮ್ಮ ಒಬ್ಬರಿದ್ದರು. ಅವರೂ ಗಗನಸಖಿಯೂ ಸೇರಿ, ಹಿಂದಿನ ಸಾಲಿನ ಸೀಟುಗಳ ಮೇಲೆ ಕಂಬಳಿ ಹಾಸಿ, ಹೆರಿಗೆ ಮಾಡಿಸಿದರು. ಮಗು ಅತ್ತಾಗ ನರ್ಸಮ್ಮ ಕೈಗಡಿಯಾರ ನೋಡಿ ‘ಆರು ಹತ್ತು’ ಎಂದರಂತೆ. ಅಷ್ಟು ನೋವಿನಲ್ಲೂ ತಾಯಿ ಆ ಮಾತನ್ನು ಸೆರಗಿಗೆ ಗಂಟು ಹಾಕಿಕೊಂಡಂತೆ ಇಟ್ಟುಕೊಂಡಳು. ಬೊಂಬಾಯಿಯ ಆಸ್ಪತ್ರೆಯಲ್ಲಿ ಕೆಲವು ವಾರ ಇದ್ದು, ತಾಯಿ ಮಗು ಇಬ್ಬರೂ ಗಟ್ಟಿಯಾದ ಮೇಲೆ ನ್ಯಾಮತಿಗೆ ಬಂದಿದ್ದರು.

ಇದು ಸಂತೋಷದ ಸುದ್ದಿ. ಆದರೆ ಹಿರಿಯರ ಮುಖದಲ್ಲಿ ಸಂತೋಷವಿರಲಿಲ್ಲ. ಆ ‘ಆರು ಹತ್ತು’ ಚನ್ನಗಿರಿಯ ಬೀಗರ ಮನೆಗೆ ಹೋಗಿತ್ತು. ಅವರು ತಮ್ಮ ಕಡೆಯ ಜೋಯಿಸರಿಗೆ ತೋರಿಸಿದ್ದರು. ಮಾರ್ಗಶಿರ ಶುದ್ಧ ತದಿಗೆ, ಸಂಜೆ ಆರು ಹತ್ತು. ಪಂಚಾಂಗದಲ್ಲಿ ಆ ಹೊತ್ತಿಗೆ ಇದ್ದದ್ದು ಮೂಲಾ ನಕ್ಷತ್ರ.

“ಮೂಲ ಅಂದ್ಕೂಡ್ಲೆ ಬೀಗಿತ್ತಿ ಊಟ ಬಿಟ್ರಂತೆ,” ಎಂದರು ಹಿರಿಯರು. “ತಂದೆಗೆ ಕಂಟಕ, ಮಗ ದೂರದ ದೇಶದಾಗೆ ಐದಾನೆ, ಆ ಕೂಸಿನ ಮುಖ ಅವನು ನೋಡೋದು ಬ್ಯಾಡ ಅಂತ. ಅವರ ಮಗಳನ್ನ ಜಗಳೂರಿಗೆ ಕೊಟ್ಟೈತೆ. ಆ ಹೆಣ್ಮಗಳಿಗೆ ಮಕ್ಕಳಿಲ್ಲ. ಕೂಸನ್ನ ಅವಳ ಉಡಿಗೆ ಹಾಕ್ತೀವಿ, ಸೊಸೆ ಮಾತ್ರ ಬರ್ಲಿ ಅಂತ ಹೇಳಿ ಕಳಿಸಿದಾರೆ. ಯುಗಾದಿಗೆ ಅಳಿಯ ರಜದ ಮೇಲೆ ಬರ್ತಾನೆ. ಅಷ್ಟ್ರೊಳಗೆ ಆಗಬೇಕಂತೆ.”

ನಾನೂ ಪಂಚಾಂಗ ತೆಗೆದು ನೋಡಿದೆ. ಜೋಯಿಸರು ತಪ್ಪಿರಲಿಲ್ಲ. ಅಂದು ಮೂಲ ಮುಗಿದು ಪೂರ್ವಾಷಾಢ ಹಿಡಿಯುವುದು ಸಂಜೆ ಏಳೂವರೆಯ ಸುಮಾರಿಗೆ. ಆರು ಹತ್ತು ಎಂದರೆ ಮೂಲವೇ, ಆದರೆ ಅದರ ಕೊನೆಯ ಕಾಲು ಭಾಗ. ಆ ಭಾಗಕ್ಕೆ ದೋಷವಿಲ್ಲವೆಂದು ಶಾಸ್ತ್ರವೇ ಹೇಳುತ್ತದೆ. ಅದನ್ನು ಹಿರಿಯರಿಗೆ ಹೇಳಿದೆ.

“ಅದನ್ನ ನಮ್ಮ ಬೀಗಿತ್ತಿ ಮುಂದೆ ಹೇಳಿ ನೋಡಿ. ಮೂಲ ಅಂದ್ರೆ ಮೂಲ, ಮುಂದಿಂದೇನು ಹಿಂದಿಂದೇನು ಅಂತಾರೆ,” ಎಂದರು. ಆಮೇಲೆ ದನಿ ತಗ್ಗಿಸಿದರು. “ಮೇಷ್ಟ್ರೆ, ಒಂದೆರಡು ತಾಸು ಆಚೆಗೆ ಹುಟ್ಟೈತೆ ಅಂತ ಬರದುಬಿಡ್ರಿ. ಮೇಲೆ ಯಾರು ಗಡಿಯಾರ ಕಟ್ಟಿದ್ರು?”

ನಾನು ಬೈಯಲಿಲ್ಲ. ಮೊಮ್ಮಗಳನ್ನು ಬಿಟ್ಟುಕೊಡಬೇಕಾದ ಅಜ್ಜ ಇನ್ನೇನು ಕೇಳಿಯಾನು? ಲೆಕ್ಕ ಏನು ಹೇಳುತ್ತದೋ ಅದನ್ನೇ ಬರೆಯುತ್ತೇನೆ, ಮೊದಲು ಮಗು ಹುಟ್ಟಿದ ಜಾಗ ಹುಡುಕಬೇಕು ಎಂದಷ್ಟೇ ಹೇಳಿ ಕಳಿಸಿದೆ.

ಜಾಗ ಹುಡುಕುವುದೆಂದರೆ, ಆರು ಹತ್ತಕ್ಕೆ ಆ ವಿಮಾನ ಯಾವ ಅಕ್ಷಾಂಶ ಯಾವ ರೇಖಾಂಶದ ಮೇಲಿತ್ತು ಎಂದು ತಿಳಿಯಬೇಕು. ಅದಕ್ಕೆ ಕುವೈತಿನಿಂದ ಬೊಂಬಾಯಿಗೆ ಎಷ್ಟು ದೂರ, ಹಾರಲು ಎಷ್ಟು ಹೊತ್ತು ಎಂಬುದು ಬೇಕು. ಹೊನ್ನಾಳಿಯಲ್ಲಿ ಇದನ್ನು ಯಾರನ್ನು ಕೇಳುವುದು? ಬಸ್‌ ನಿಲ್ದಾಣದಲ್ಲಿ ದಾವಣಗೆರೆಯ ಹೊತ್ತು ಕೇಳಿದರೇ ಒಬ್ಬೊಬ್ಬರು ಒಂದೊಂದು ಹೇಳುವ ಕಾಲ. ಶಾಲೆಯ ಗೋಡೆಯ ನಕ್ಷೆಯನ್ನು ನಂಬುವಂತಿರಲಿಲ್ಲ. ಉರುಟು ಭೂಮಿಯನ್ನು ಚಪ್ಪಟೆ ಕಾಗದಕ್ಕೆ ಎಳೆದು ಅಂಟಿಸಿದಾಗ ದೂರಗಳು ಸುಳ್ಳಾಗುತ್ತವೆ. ಹಾಗಾಗಿ ಮುಖ್ಯೋಪಾಧ್ಯಾಯರ ಅನುಮತಿ ಪಡೆದು ಶಾಲೆಯ ಗ್ಲೋಬನ್ನೇ ಮನೆಗೆ ತಂದೆ. ಆಫ್ರಿಕದ ಪಕ್ಕದಲ್ಲಿ ಅದು ನಗ್ಗಿತ್ತು. ಪುಣ್ಯಕ್ಕೆ ಅರಬ್ಬೀ ಸಮುದ್ರ ಸರಿಯಾಗಿತ್ತು.

ಹೆಂಡತಿಯ ಹೊಲಿಗೆ ಡಬ್ಬಿಯಿಂದ ದಾರ ತೆಗೆದು ಒಂದು ತುದಿಯನ್ನು ಕುವೈತಿನ ಮೇಲೆ ಹೆಬ್ಬೆರಳಿನಿಂದ ಒತ್ತಿ ಹಿಡಿದೆ. ಇನ್ನೊಂದು ತುದಿಯನ್ನು ಬೊಂಬಾಯಿಗೆ ಬಿಗಿಯಾಗಿ ಎಳೆದೆ. ಗೋಳದ ಮೇಲೆ ಬಿಗಿಯಾಗಿ ಎಳೆದ ದಾರ ತಾನಾಗಿಯೇ ಅತಿ ಹತ್ತಿರದ ದಾರಿಯಲ್ಲಿ ಕೂರುತ್ತದೆ. ಅಷ್ಟುದ್ದದ ದಾರವನ್ನು ಸಮಭಾಜಕ ವೃತ್ತದ ಮೇಲೆ ಇಟ್ಟು ನೋಡಿದರೆ ಸುಮಾರು ಇಪ್ಪತ್ತೈದು ಡಿಗ್ರಿ. ಒಂದು ಡಿಗ್ರಿಗೆ ನೂರಾಹನ್ನೊಂದು ಕಿಲೋಮೀಟರು. ಎರಡು ಸಾವಿರದ ಏಳುನೂರೈವತ್ತರ ಆಸುಪಾಸು ಬಂತು. ಹೆಂಡತಿ ಒಗ್ಗರಣೆ ಕೈಯಲ್ಲೇ ಬಂದು, “ಇಷ್ಟು ದೂರಕ್ಕೆ ಇಷ್ಟೇ ದಾರ ಸಾಕಾತಾ?” ಎಂದು ನಕ್ಕು ಹೋದಳು.

ವೇಗದ ಲೆಕ್ಕಕ್ಕೆ ಬಸ್‌ ನಿಲ್ದಾಣದ ಎದುರು ರೇಡಿಯೋ ಅಂಗಡಿ ಇಟ್ಟಿದ್ದ, ವಾಯುಸೇನೆಯಿಂದ ನಿವೃತ್ತರಾದ ಗೆಳೆಯರೊಬ್ಬರ ಬಳಿ ಹೋದೆ. ಜೆಟ್‌ ವಿಮಾನ ಗಂಟೆಗೆ ಎಂಟುನೂರು ಚಿಲ್ಲರೆ ಕಿಲೋಮೀಟರು ಹೋಗುತ್ತದೆ, ಏರುವುದಕ್ಕೂ ಇಳಿಯುವುದಕ್ಕೂ ಒಂದಷ್ಟು ಸೇರಿಸಿಕೊಳ್ಳಿ ಎಂದರು. ಎಲ್ಲ ಕೂಡಿಸಿದರೆ ಮೂರೂಮುಕ್ಕಾಲು ಗಂಟೆಯ ಪ್ರಯಾಣ.

ಮುಂದಿನ ಶನಿವಾರ ಬೆಳಗಿನ ಶಾಲೆ ಮುಗಿಸಿ ನ್ಯಾಮತಿ ಬಸ್ಸು ಹತ್ತಿದೆ. ಹಿರಿಯರ ಮಗ, ಅಂದರೆ ಬಾಣಂತಿಯ ಅಣ್ಣ, ಅವತ್ತು ಬೊಂಬಾಯಿಯ ವಿಮಾನ ನಿಲ್ದಾಣದಲ್ಲಿ ಕಾದಿದ್ದವನು. ವಿಮಾನ ಇಳಿದಾಗ ಅಲ್ಲಿನ ಗಡಿಯಾರದಲ್ಲಿ ಒಂಬತ್ತೂಕಾಲು ಎಂದ. ಕೋಣೆಯ ಬಾಗಿಲಿನಾಚೆ ನಿಂತು ಬಾಣಂತಿಯನ್ನು ಕೇಳಿದೆ. ಕುವೈತಿನ ನಿಲ್ದಾಣದ ಗಡಿಯಾರದಲ್ಲಿ ಮೂರು ಹೊಡೆದಾಗ ವಿಮಾನ ಮೇಲೆದ್ದಿತು ಎಂದಳು. ಇಬ್ಬರೂ ಖಚಿತವಾಗಿ ಹೇಳಿದರು. ನಾನು ಸಂತೋಷದಿಂದ ಕೂತು ಲೆಕ್ಕ ಹಾಕಿದರೆ, ಮೂರರಿಂದ ಒಂಬತ್ತೂಕಾಲಿಗೆ ಆರೂಕಾಲು ಗಂಟೆ. ನನ್ನ ದಾರ ಹೇಳುವುದು ಮೂರೂಮುಕ್ಕಾಲು. ನಡುವೆ ಎರಡೂವರೆ ಗಂಟೆ ಮಾಯ.

ಮೊದಲು ದಾರದ ಮೇಲೇ ಅನುಮಾನ ಬಂತು. ಮನೆಗೆ ಬಂದು ಮತ್ತೆ ಮತ್ತೆ ಅಳೆದೆ. ದಾರ ಹಟಮಾರಿಯಂತೆ ಅಷ್ಟೇ ತೋರಿಸಿತು. ದಾರಿಯಲ್ಲಿ ಎಲ್ಲಾದರೂ ಇಳಿಯಿತೇ ಎಂದು ಬಾಣಂತಿಯ ಅಣ್ಣನ ಮೂಲಕ ವಿಚಾರಿಸಿದೆ. ಎಲ್ಲೂ ಇಳಿದಿರಲಿಲ್ಲ. ಹಾಗಾದರೆ ವೇಗ ತಪ್ಪಿರಬೇಕೆಂದು ರೇಡಿಯೋ ಅಂಗಡಿಗೆ ಹೋದರೆ ಗೆಳೆಯರು ನಕ್ಕರು. “ಆರೂಕಾಲು ಗಂಟೆ ಹಾರಿದ್ರೆ ಅದು ಬೊಂಬಾಯಿಗೆ ಯಾಕ್ರೀ ಇಳೀತದೆ? ಬರ್ಮಾ ದಾಟಿ ಬ್ಯಾಂಕಾಕಿಗೆ ಹೋಗಿ ಕೂರ್ತದೆ.”

ಸೋಮವಾರ ಎಂಟನೇ ತರಗತಿಯಲ್ಲಿ ಪಾಠವಿತ್ತು. ಪಾಠ ಯಾವುದು ಗೊತ್ತೇ? ರೇಖಾಂಶ ಮತ್ತು ಕಾಲ. ಪ್ರತಿ ವರ್ಷ ಹೇಳಿಕೊಡುವ ಪಾಠ, ಬಾಯಿಪಾಠವಾದದ್ದು. ಭಾರತದ ಗಡಿಯಾರಕ್ಕೆ ಆಧಾರ ಎಂಬತ್ತೆರಡೂವರೆ ಡಿಗ್ರಿ ಎಂದು ಬೋರ್ಡಿನ ಮೇಲೆ ಬರೆಯುವಾಗ ನನ್ನ ಕೈ ನಿಂತಿತು. ಕುವೈತಿನ ಗಡಿಯಾರ ನಡೆಯುವುದು ನಲವತ್ತೈದು ಡಿಗ್ರಿಗೆ. ನಡುವೆ ಮೂವತ್ತೇಳೂವರೆ ಡಿಗ್ರಿ. ಡಿಗ್ರಿಗೆ ನಾಲ್ಕು ನಿಮಿಷ. ಗುಣಿಸಿದರೆ ಸರಿಯಾಗಿ ಎರಡೂವರೆ ಗಂಟೆ. ಅಲ್ಲಿ ಮೂರಾದಾಗ ಇಲ್ಲಿ ಐದೂವರೆ. ಮಾಯವಾದ ಹೊತ್ತು ನನ್ನ ಪಾಠದೊಳಗೇ ಕೂತಿತ್ತು. ಮಕ್ಕಳ ಎದುರಿಗೇ ನಾನು ಜೋರಾಗಿ ನಕ್ಕುಬಿಟ್ಟೆ. ಅವು ಯಾಕೆಂದು ತಿಳಿಯದೆ ತಾವೂ ನಕ್ಕವು.

ನಗು ಬಹಳ ಹೊತ್ತು ಉಳಿಯಲಿಲ್ಲ. ಈಗ ಹೊಸ ಪ್ರಶ್ನೆ ಎದ್ದಿತು. ನರ್ಸಮ್ಮನ ಕೈಗಡಿಯಾರದ ಆರು ಹತ್ತು ಯಾವ ದೇಶದ್ದು? ಅದು ನಮ್ಮ ದೇಶದ ಹೊತ್ತಾದರೆ, ವಿಮಾನ ಎದ್ದು ಮುಕ್ಕಾಲು ಗಂಟೆಯೊಳಗೆ ಮಗು ಹುಟ್ಟಿದೆ, ನಕ್ಷತ್ರ ಮೂಲ. ಅದು ಕುವೈತಿನ ಹೊತ್ತಾದರೆ, ನಮ್ಮ ಲೆಕ್ಕಕ್ಕೆ ರಾತ್ರಿ ಎಂಟು ನಲವತ್ತು, ವಿಮಾನ ಇಳಿಯುವುದಕ್ಕೆ ಅರ್ಧ ಗಂಟೆ ಇದ್ದಾಗ. ಮೂಲ ಎಂದೋ ಮುಗಿದು ಪೂರ್ವಾಷಾಢ. ಕೆಲವರು ವಿಮಾನದಲ್ಲಿ ಕೂತ ಕೂಡಲೇ ಊರಿನ ಆಸೆಗೆ ಗಡಿಯಾರ ತಿರುಗಿಸಿಕೊಳ್ಳುತ್ತಾರಂತೆ. ಕೆಲವರು ಮನೆ ಸೇರಿದ ಮೇಲೆ. ಆ ಪುಣ್ಯಾತ್ಗಿತ್ತಿ ಯಾವ ಬಗೆಯವರೋ. ಹೆಸರು ಕೇಳಿಕೊಳ್ಳಲೂ ಆಗಿರಲಿಲ್ಲ ಎಂದಳಂತೆ ಬಾಣಂತಿ. ಒಂದು ಕೂಸು ತಾಯಿಯ ಹತ್ತಿರ ಉಳಿಯುವುದು ಬಿಡುವುದು, ಎಲ್ಲೋ ಕೇರಳದಲ್ಲಿರುವ ಒಂದು ಮುಂಗೈಯ ಮೇಲೆ ನಿಂತಿತ್ತು.

ತಿಳಿದವಳು ತಾಯಿಯೊಬ್ಬಳೇ. ಅವಳನ್ನೇ ಕೇಳಬೇಕು. ಆದರೆ ಹೇಗೆ? ‘ಇಳಿಯುವ ಮುಂಚೆ ಹುಟ್ಟಿತೇ’ ಎಂದು ನಾನು ಕೇಳಿದರೆ, ಯಾವ ಉತ್ತರ ಮಗುವನ್ನು ಉಳಿಸುತ್ತದೆಂದು ನನ್ನ ದನಿಯೇ ಹೇಳಿಬಿಡುತ್ತದೆ. ಯಾವ ತಾಯಿ ಆ ಉತ್ತರ ಬಿಟ್ಟು ಬೇರೆ ಹೇಳುತ್ತಾಳೆ? ಅಂಥ ಉತ್ತರ ನನಗೂ ಉಪಯೋಗವಿಲ್ಲ, ಚನ್ನಗಿರಿಯಲ್ಲೂ ನಿಲ್ಲುವುದಿಲ್ಲ. ಹಾಗಾಗಿ ನಾನು ಕಂಡುಕೊಂಡದ್ದನ್ನು ಯಾರಿಗೂ ಹೇಳದೆ ಮತ್ತೆ ನ್ಯಾಮತಿಗೆ ಹೋದೆ. ಬಸ್ಸಿನಲ್ಲಿ ಕೂತಾಗಲೇ ಒಂದು ನಿರ್ಧಾರ ಮಾಡಿಕೊಂಡಿದ್ದೆ. ಅವಳ ಮಾತು ಮೂಲದ ಕಡೆಗೇ ಹೋದರೆ, ಮೂಲ ಎಂದೇ ಬರೆಯುವುದು.

ಹಿರಿಯರು ಹೊಸ್ತಿಲ ಮೇಲೆ ಕೂತರು. ಬಾಣಂತಿ ಕಿವಿಗೆ ಸ್ಕಾರ್ಫು ಕಟ್ಟಿಕೊಂಡು ಗೋಡೆಗೆ ಒರಗಿದ್ದಳು. ಇಪ್ಪತ್ತೆರಡೋ ಇಪ್ಪತ್ತಮೂರೋ ಇರಬಹುದು. ಮಗು ಅವಳ ಮಡಿಲಲ್ಲಿ ನಿದ್ದೆ ಮಾಡುತ್ತಿತ್ತು. ಹಿರಿಯರು ಅಲ್ಲಿಯೂ ಸುಮ್ಮನಿರಲಿಲ್ಲ. “ಒಂದೆರಡು ತಾಸಿನ ಮಾತು, ಮೇಷ್ಟ್ರು ಮನಸು ಮಾಡಿದ್ರೆ...” ಎಂದು ಮತ್ತೆ ಶುರು ಮಾಡಿದರು.

“ಬ್ಯಾಡ ಅಪ್ಪ,” ಎಂದಳು ಅವಳು. “ಸುಳ್ಳು ಬರೆಸಿ ಉಳಿಸ್ಕೊಂಡ್ರೆ ನಾಳೆ ಇವಳ ಮದುವ್ಯಾಗೆ ಇನ್ನೊಬ್ರು ಲೆಕ್ಕ ಹಾಕಿ ಎತ್ತಿ ಆಡ್ತಾರೆ. ಇದ್ದದ್ದೇ ಬರೀರಿ ಮೇಷ್ಟ್ರೆ. ಮೂಲ ಅಂತ ಬಂದ್ರೂ ನಾನು ಇವಳನ್ನ ಯಾರಿಗೂ ಕೊಡಲ್ಲ. ಅವರ ಮನೆಗೆ ಹೋಗದೆ ಇದ್ರೆ ಹೋಗದೆ ಇರ್ತೀನಿ. ಅದನ್ನೂ ಅವರಿಗೆ ಹೇಳ್ಬಿಡ್ರಿ.”

ದನಿ ಏರಿಸದೆ ಹೇಳಿದಳು, ಮಗುವಿನ ಮೇಲೆ ಕೂರಲು ಬಂದ ನೊಣ ಓಡಿಸುತ್ತ. ಇಂಥ ಮಾತಾಡುವವರು ಸುಳ್ಳು ಸಾಕ್ಷಿ ಹೇಳುವುದಿಲ್ಲ ಎಂದು ನನಗೆ ಧೈರ್ಯ ಬಂತು. ಎಷ್ಟೋ ವರ್ಷದಿಂದ ಪಂಚಾಂಗ ಹಿಡಿದು ಕೂತ ನನ್ನ ಎದುರಿಗೆ ಅಂಥ ಮಾತು ಆಡಿದವಳು ಅವಳೊಬ್ಬಳೇ. ನನಗೆ ಅವಳ ಮೇಲೆ ಗೌರವ ಹುಟ್ಟಿದ್ದು ಆ ಕ್ಷಣದಲ್ಲಿ.

“ತಂಗಿ, ವಿಮಾನ ಹತ್ತಿದ್ದರಿಂದ ಇಳಿದದ್ದರ ತನಕ ಏನೇನು ಕಂಡ್ಯೋ ಅಷ್ಟೂ ಹೇಳು. ಮಗೂದೊಂದೇ ಅಲ್ಲ, ಎಲ್ಲಾನೂ. ನಾನು ನಡುವೆ ಬಾಯಿ ಹಾಕಲ್ಲ,” ಎಂದೆ.

ಅವಳು ಹೇಳತೊಡಗಿದಳು. ಬಲಗಡೆ ಕಿಟಕಿಯ ಪಕ್ಕದ ಸೀಟು. ಕೆಳಗೆ ಮರಳು, ಆಮೇಲೆ ನೀರು. ಗಗನಸಖಿ ತಟ್ಟೆಯಲ್ಲಿ ಊಟ ತಂದಳು, ಅನ್ನ ಬಿರುಸಾಗಿತ್ತು. ತಟ್ಟೆ ತೆಗೆದುಕೊಂಡು ಹೋಗುವಾಗ ಹಿಂದುಗಡೆಯಿಂದ ಕೆಂಪು ಬೆಳಕು ಬಂತು, ನೋಡುನೋಡುತ್ತ ಹೊತ್ತು ಮುಳುಗಿತು. ಊರಿನಲ್ಲಿ ಇಷ್ಟು ಬೇಗ ಕತ್ತಲಾಗುವುದಿಲ್ಲವಲ್ಲ ಎಂದು ಅವಳಿಗೆ ಅನಿಸಿತಂತೆ. ಕತ್ತಲಾದ ಮೇಲೆ ಸೊಂಟ ಹಿಡಿದುಕೊಂಡಿತು. ಮೊದಮೊದಲು ಅನ್ನದ ದೋಷ ಅಂದುಕೊಂಡಳು. ನರ್ಸಮ್ಮ ಹೊಟ್ಟೆ ಮುಟ್ಟಿ ನೋಡಿ ಗಗನಸಖಿಯನ್ನು ಕೂಗಿದರು. ಹಿಂದಿನ ಸಾಲು ಖಾಲಿ ಮಾಡಿಸಿದರು. ಒಬ್ಬ ಮುದುಕರು ತಮ್ಮ ಹೊಸ ಕಂಬಳಿಯ ಕಟ್ಟು ಬಿಚ್ಚಿ ಕೊಟ್ಟರು. ಆಮೇಲಿನದನ್ನು ಹೇಳುವಾಗ ಅಪ್ಪನ ಕಡೆ ನೋಡಿ ಸ್ವಲ್ಪ ಬಿಟ್ಟು ಹೇಳಿದಳು.

“ಅತ್ಲು ಮೇಷ್ಟ್ರೆ. ನರ್ಸಮ್ಮ ಗಡಿಯಾರ ನೋಡಿ ಆರು ಹತ್ತು ಅಂದ್ರು. ನಾನು ಮುಖ ಆ ಕಡೆ ಮಾಡಿದೆ, ಕಿಟಕಿ ಕಾಣ್ತು. ಅಲ್ಲಿ ಚಂದ್ರ ಇದ್ದ. ಎಳೇ ಚಂದ್ರ, ಉಗುರಿನಷ್ಟು. ಕೆಂಪಗಿದ್ದ. ರೆಕ್ಕೆಯ ಹಿಂದೆ, ನಮಗಿಂತ ಕೆಳಗೆ, ಇನ್ನೇನು ಮುಳುಗಬೇಕು ಅನ್ನೋ ಹಂಗೆ. ಚಂದ್ರನ್ನ ಮೇಲಿಂದ ನೋಡ್ತಿದೀನಲ್ಲ ಅಂತ ನಗು ಬಂತು. ಮಗೂನ ಒರೆಸಿ ನನ್ನ ಎದೆ ಮೇಲೆ ಇಟ್ರು. ಅಷ್ಟ್ರಾಗೆ ಬೆಲ್ಟು ಕಟ್ಕೊಳ್ರಿ ಅಂತ ಕೂಗಿದ್ರು.”

ನಾನು ಬೆರಳು ಮಡಿಸಿ ಲೆಕ್ಕ ಹಾಕಿದೆ. ತದಿಗೆಯ ಚಂದ್ರ ಸೂರ್ಯ ಮುಳುಗಿದ ಎರಡು, ಎರಡೂವರೆ ಗಂಟೆಯ ಮೇಲೆ ಮುಳುಗುತ್ತಾನೆ. ಅದು ಹಳ್ಳಿಯ ಯಾರಿಗಾದರೂ ಗೊತ್ತಿರುವ ವಿಷಯ. ಆರು ಹತ್ತು ನಮ್ಮ ಹೊತ್ತಾಗಿದ್ದರೆ, ಆ ವಿಮಾನದ ಕಿಟಕಿಯಲ್ಲಿ ಸೂರ್ಯನೇ ಇನ್ನೂ ಮುಳುಗಿರಬಾರದು. ಚಂದ್ರ ಮೇಲೆಲ್ಲೋ ಕಣ್ಣಿಗೆ ಬೀಳದಂತೆ ಇರಬೇಕು. ಅವನು ಮುಳುಗುತ್ತಿದ್ದನೆಂದರೆ ಹೊತ್ತು ಎಂಟೂವರೆಯ ಆಚೆ. ನಕ್ಷತ್ರವೆಂದರೆ ಚಂದ್ರ ನಿಂತ ಜಾಗ, ಬೇರೇನೂ ಅಲ್ಲ. ಚನ್ನಗಿರಿಯ ಜೋಯಿಸರೂ ನಾನೂ ಅದನ್ನು ಕಾಗದದಲ್ಲಿ ಹುಡುಕುತ್ತಿದ್ದೆವು. ಇವಳು ಹಡೆದ ಗಳಿಗೆಯಲ್ಲಿ ಅದೇ ಚಂದ್ರನನ್ನು ಕಣ್ಣಾರೆ ನೋಡಿ ನಕ್ಕಿದ್ದಳು. ಮೂರು ತಿಂಗಳಿಂದ ಅವಳನ್ನು ಯಾರೂ ಏನು ಕಂಡೆ ಎಂದು ಕೇಳಿರಲಿಲ್ಲ, ಅಷ್ಟೇ.

“ಪೂರ್ವಾಷಾಢ,” ಎಂದೆ. ಹಿರಿಯರು ಹೊಸ್ತಿಲ ಮೇಲೇ ಟವೆಲಿಗೆ ಮುಖ ಹುದುಗಿಸಿ ಅತ್ತರು. ಅವಳು ಅಳಲಿಲ್ಲ. ಮಗುವಿನ ಕಿವಿಯ ಹತ್ತಿರ ಬಾಗಿ ಏನೋ ಹೇಳಿದಳು, ನನಗೆ ಕೇಳಿಸಲಿಲ್ಲ.

ಇನ್ನು ಉಳಿದದ್ದು ಚನ್ನಗಿರಿ. ಮುಂದಿನ ಶುಕ್ರವಾರ ಅರ್ಧ ದಿನ ರಜೆ ಹಾಕಿ, ಗ್ಲೋಬನ್ನು ಬಟ್ಟೆಯಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಕೂತೆ. ಕಂಡಕ್ಟರು, “ಕುಂಬಳಕಾಯಿ ಭಾಳ ದೊಡ್ಡದೈತೆ ಮೇಷ್ಟ್ರೆ, ಮನೇದಾ?” ಎಂದ. ಲೋಕವನ್ನೇ ತೊಡೆಯ ಮೇಲೆ ಇಟ್ಟುಕೊಂಡಿದ್ದೇನೆ ಎಂದು ಹೇಳಲು ನಾಚಿಕೆಯಾಗಿ ಹೌದಪ್ಪ ಎಂದೆ.

ಮಗುವಿನ ಅಜ್ಜಿ ಗಟ್ಟಿ ಹೆಂಗಸು. ಗಂಡ ತೀರಿಕೊಂಡ ಮೇಲೆ ಅಡಿಕೆ ಸುಲಿಸುವ ಕೆಲಸ ನೋಡಿಕೊಳ್ಳುತ್ತ ಇಬ್ಬರು ಮಕ್ಕಳನ್ನು ದಡ ಸೇರಿಸಿದವರು. ನನಗೆ ಮಣೆ ಹಾಕಿ, ಕಾಫಿ ಕೊಟ್ಟು, ಮಾತಿಗೆ ಮುಂಚೆಯೇ ಹೇಳಿಬಿಟ್ಟರು.

“ನೋಡ್ರಿ ಮೇಷ್ಟ್ರೆ, ಕೂಸಿನ ಮ್ಯಾಲೆ ನನಗೆ ಸಿಟ್ಟಿಲ್ಲ. ನನಗೆ ಇರೋನು ಒಬ್ಬ ಮಗ. ಅವನು ಸಮುದ್ರದ ಆಚೆ ಐದಾನೆ. ಅವನಿಗೆ ಏನಾದ್ರೂ ಆದ್ರೆ ಹೋಗಿ ಮುಖ ನೋಡಾಕೂ ನನ್ನ ಕೈಲಾಗಲ್ಲ.”

ಭಯವೂ ಪ್ರೀತಿಯೇ. ನಾನು ಗ್ಲೋಬು ಬಿಚ್ಚಿದೆ. ದಾರ ಹಿಡಿದು ದೂರ ತೋರಿಸಿದೆ. ಮೂರೂಮುಕ್ಕಾಲು ಗಂಟೆ, ಆರೂಕಾಲು ಗಂಟೆ, ನಡುವಿನ ಎರಡೂವರೆ, ಸೊಸೆ ಕಂಡ ಚಂದ್ರ, ಎಲ್ಲ ಹೇಳಿದೆ. ಅವರು ಸಾವಧಾನವಾಗಿ ಕೇಳಿ ತಲೆ ಅಲ್ಲಾಡಿಸಿದರು.

“ಹಡಿಯೋ ಹೆಂಗಸು ಚಂದ್ರನ್ನ ನೋಡ್ತಾ ಮಲಗಿದ್ಲು ಅಂದ್ರೆ ನಂಬಾಕೆ ಆಗ್ತೈತೇನ್ರಿ? ನಾನೂ ಎರಡು ಹಡೆದೀನಿ. ಮತ್ತೆ ಗಡಿಯಾರ... ಇಲ್ಲಿ ಆರಾದ್ರೆ ಲೋಕಕ್ಕೆಲ್ಲ ಆರೇ ಅಲ್ವಾ? ಹೊತ್ತು ಅನ್ನೋದು ಊರಿಗೊಂದು ಹೆಂಗಿರ್ತೈತೆ?”

ಅಷ್ಟರಲ್ಲಿ ಹೊತ್ತು ಮುಳುಗಿತ್ತು. ಅವರು ಎದ್ದು ದೇವರ ಮುಂದೆ ದೀಪ ಹಚ್ಚಿದರು. ನನಗೆ ಇದೊಂದು ಕೊನೆಯ ಉಪಾಯ ಕಂಡಿತು. ಪಡಸಾಲೆಗೆ ಇನ್ನೊಂದು ದೀಪ ಕೇಳಿ ತರಿಸಿ, ನೆಲದ ಮೇಲಿಟ್ಟು, ಅದರ ಎದುರಿಗೆ ಗ್ಲೋಬನ್ನು ಮೆಲ್ಲಗೆ ತಿರುಗಿಸಿದೆ. ನಮ್ಮ ಕಡೆಯ ಭಾಗ ಕತ್ತಲಿಗೆ ಜಾರಿದಾಗ ನಿಲ್ಲಿಸಿ, ಕುವೈತಿನ ಮೇಲೆ ಬೆರಳಿಟ್ಟೆ. ಅಲ್ಲಿ ಇನ್ನೂ ದೀಪದ ಬೆಳಕಿತ್ತು.

“ಇಷ್ಟೇ ತಾಯಿ. ನೀವು ಇಲ್ಲಿ ದೀಪ ಹಚ್ಚೋ ಹೊತ್ತಿಗೆ ನಿಮ್ಮ ಮಗನಿಗೆ ಅಲ್ಲಿ ಇನ್ನೂ ಬಿಸಿಲು.”

ಅವರು ಲೋಟ ಎತ್ತಿಕೊಂಡು ಒಳಗೆ ಹೊರಟವರು ಅಲ್ಲೇ ನಿಂತರು.

“ಏನಂದ್ರಿ?”

“ಅಲ್ಲಿ ಇನ್ನೂ ಬಿಸಿಲು ಅಂದೆ.”

ಲೋಟ ಕೆಳಗಿಟ್ಟು ಅವರು ಗ್ಲೋಬಿನ ಎದುರು ಕೂತರು. ನಾನು ಬೆರಳಿಟ್ಟ ಜಾಗದಲ್ಲಿ ತಮ್ಮ ಬೆರಳಿಟ್ಟರು.

“ತಿಂಗಳಿಗೊಂದು ಶುಕ್ರವಾರ ಫೋನ್ ಮಾಡ್ತಾನೆ ಮೇಷ್ಟ್ರೆ. ಎದುರಿಗಿನ ಅಡಿಕೆ ಮಂಡಿಗೆ. ನಾನು ದೀಪ ಹಚ್ಚಿ ಹೋಗಿರ್ತೀನಿ. ಪ್ರತಿ ಸಾರಿ ಅದೇ ಮಾತು, ಬಿಸಿಲು ಅಂದ್ರೆ ಬಿಸಿಲು ಅವ್ವ, ಫೋನಿನ ಸಾಲಿನಾಗೆ ನಿಂತು ತಲೆ ಕಾದೋಗೈತೆ ಅಂತಾನೆ. ಕತ್ತಲಾಗೆ ಬಿಸಿಲು ಅಂತಾನಲ್ಲ, ಇವನು ಕುಡಿಯಾಕೆ ಕಲ್ತಿರಬೇಕು ಅನ್ಕೊಂಡಿದ್ದೆ. ಅವನು ಹೋದಾಗಿನಿಂದ ಅನ್ಕೊಂಡೇ ಇದೀನಿ. ಯಾರ ಹತ್ರಾನೂ ಬಾಯಿ ಬಿಟ್ಟಿಲ್ಲ. ಜಗಳೂರಿನ ಮಗಳಿಗೂ ಹೇಳಿಲ್ಲ.”

ಡಿಗ್ರಿ, ನಿಮಿಷ, ದಾರ, ಚಂದ್ರ ಯಾವುದೂ ಮುಟ್ಟದಿದ್ದ ಜಾಗಕ್ಕೆ ಮಗನ ಒಂದು ಮಾತು ಹೋಗಿ ಮುಟ್ಟಿತ್ತು. ಅವರು ಸೆರಗಿನಿಂದ ಕಣ್ಣೊರೆಸಿಕೊಂಡು, ಹಟ ಹಿಡಿದಷ್ಟೇ ನೇರವಾಗಿ ಹಟ ಬಿಟ್ಟು ಹೇಳಿದರು.

“ಅಂಗಾದ್ರೆ ಆ ನರ್ಸಮ್ಮನ ಗಡಿಯಾರ ನನ್ನ ಮಗನ ಊರಿಂದು. ನನ್ನ ಸೊಸೆ ಸುಳ್ಳು ಹೇಳಿಲ್ಲ. ಬರೋ ಸೋಮವಾರ ನ್ಯಾಮತಿಗೆ ನಾನೇ ಹೋಗ್ತೀನಿ, ಇಬ್ಬರನ್ನೂ ಕರಕೊಂಡು ಬರಾಕೆ. ಜಗಳೂರಿನ ಮಗಳಿಗೆ ಏನು ಹೇಳ್ಬೇಕೋ ನಾನೇ ಹೇಳ್ತೀನಿ.”

ಜಗಳೂರಿನ ಆ ಹೆಣ್ಣುಮಗಳನ್ನು ನೆನೆದರೆ ಇವತ್ತಿಗೂ ನನಗೆ ಸಂಕಟವಾಗುತ್ತದೆ. ಅವಳು ತೊಟ್ಟಿಲು ಕೂಡ ತೊಳೆದಿಟ್ಟಿದ್ದಳೆಂದು ಆಮೇಲೆ ಕೇಳಿದೆ. ಇನ್ನೊಂದು ಮಾತು. ಲೆಕ್ಕ ಮೂಲಕ್ಕೇ ನಿಂತಿದ್ದರೆ ಏನಾಗುತ್ತಿತ್ತು? ಬಾಣಂತಿ ಅಂದೇ ಅದಕ್ಕೆ ಉತ್ತರ ಹೇಳಿದ್ದಳು, ನಾನು ಆ ಉತ್ತರವನ್ನು ಇಟ್ಟುಕೊಂಡಿದ್ದೇನೆ. ಅಲ್ಲಿಂದಾಚೆಗೆ ಮೂಲದ ಮಗುವಿನ ಜಾತಕ ಕೈಗೆ ಬಂದಾಗಲೆಲ್ಲ, ಬರೆಯುವ ಮೊದಲು ಮನೆಯವರನ್ನು ಕೂರಿಸಿಕೊಂಡು, ಈ ಕಾಗದ ನೋಡಿ ಮಗುವನ್ನು ದೂರ ಮಾಡುವುದಾದರೆ ನಾನು ಬರೆಯುವುದಿಲ್ಲ ಎಂದು ಹೇಳುತ್ತೇನೆ. ಕೆಲವರು ಎದ್ದು ಹೋಗಿದ್ದಾರೆ. ಹೋಗಲಿ.

ಜಾತಕ ಬರೆದೆ. ದಿನ ಬರೆದೆ, ಹೊತ್ತು ಬರೆದೆ. ಊರಿನ ಜಾಗದಲ್ಲಿ ಸೌರಾಷ್ಟ್ರದ ಕರಾವಳಿಯ ದಕ್ಷಿಣಕ್ಕೆ, ಅರಬ್ಬೀ ಸಮುದ್ರದ ಮೇಲೆ, ಆಕಾಶಮಾರ್ಗ ಎಂದು ಅಕ್ಷಾಂಶ ರೇಖಾಂಶ ಸಹಿತ ತುಂಬಿಸಿದೆ. ನಮ್ಮ ವಂಶದಲ್ಲಿ ಅಂಥದೊಂದು ಊರನ್ನು ಯಾರೂ ಬರೆದಿರಲಿಲ್ಲ.

ಅದನ್ನು ಕೊಡಲು ಚನ್ನಗಿರಿಗೆ ಹೋದದ್ದು ಯುಗಾದಿಗೆ ಮುಂಚಿನ ಒಂದು ಶುಕ್ರವಾರ. ಮನೆಯಲ್ಲಿ ಬಾಣಂತಿ ಒಬ್ಬಳೇ ಇದ್ದಳು. ನನ್ನನ್ನು ನೋಡಿ ನಕ್ಕು, ಎದುರಿಗಿನ ಮಂಡಿಯ ಕಡೆ ಕೈ ತೋರಿಸಿದಳು. “ಫೋನ್ ಬಂದೈತೆ. ನನಗೆ ಇನ್ನೂ ಕೊಟ್ಟಿಲ್ಲ ನೋಡ್ರಿ.”

ಬೀದಿಯಲ್ಲಿ ಕತ್ತಲಾಗಿ, ಮಂಡಿಯಲ್ಲಿ ಬಲ್ಬು ಹಾಕಿದ್ದರು. ಅಡಿಕೆ ಮೂಟೆಗಳ ನಡುವೆ ಅಜ್ಜಿ ನಿಂತಿದ್ದರು. ಒಂದು ಕೈಯಲ್ಲಿ ಫೋನು, ಇನ್ನೊಂದು ಕಂಕುಳಲ್ಲಿ ಮೊಮ್ಮಗಳು. ಟ್ರಂಕ್‌ ಕಾಲಿನಲ್ಲಿ ಎಲ್ಲರೂ ಕೂಗುವಂತೆ ಅವರೂ ಕೂಗಿ ಮಾತಾಡುತ್ತಿದ್ದರು, ಬೀದಿಗೆಲ್ಲ ಕೇಳಿಸುತ್ತಿತ್ತು.

“ನನ್ನ ಆರೋಗ್ಯ ಇರ್ಲಿ ಬಿಡಪ್ಪ. ಅಲ್ಲಿ ಇನ್ನೂ ಬಿಸಿಲೈತಲ್ವಾ? ತಲೆ ಮ್ಯಾಲೆ ಟವೆಲ್ ಹಾಕ್ಕೊಂಡೀಯಾ? ನೆಳ್ಳು ನೋಡಿ ನಿಂತ್ಕೋ ಮಗನೆ. ಇಲ್ಲಿ ಕತ್ತಲಾತು, ನಿನ್ನ ಮಗಳಿಗೆ ನಿದ್ದೆ ಬರ್ತೈತೆ. ನೀನು ಬಾ, ಬಂದು ಇವಳ ಮುಖ ನೋಡುವಂತೆ.”